ಮಾಳಿಗೆ ಮೇಲಿನ ನಂಜನಗೂಡು ಖಾಲಿಯಾಗುತ್ತಿದೆ

ಗುಜರಿ ವ್ಯಾಪಾರಿಗಳು ನಮ್ಮ ಆಫೀಸಿಗೆ ಬರುವುದು ತಿಂಗಳಿಗೊಮ್ಮೆ, ಹಳೇ ಪೇಪರ್ ತೂಕಕ್ಕೆ. ಮೊನ್ನೆ ಬುಧವಾರ ಬಂದವನು ಮಾತ್ರ ತಕ್ಕಡಿ ತಂದಿರಲಿಲ್ಲ, ಸುದ್ದಿ ತಂದಿದ್ದ.

"ಸಾರ್, ಅಶೋಕಪುರಂ ಕಡೆ ಒಬ್ರು ಯಜಮಾನ್ರು ಮಾಳಿಗೆ ಮೇಲೆ ನಂಜನಗೂಡ್ನೇ ಮಡಿಕ್ಕೊಂಡವ್ರೆ. ರೈಲು, ಹಳಿ, ಸೇತುವೆ, ಮರ ಗಿಡ ಎಲ್ಲಾ ಐತೆ. ಮನೆ ಮಾರ್ತಾವ್ರಂತೆ. ಹಿತ್ತಾಳೆ ಕಾಣ್ತಲ್ಲ ಅಂತ ಕೇಜಿಗೆ ಇಷ್ಟು ಅಂತ ಕೇಳ್ದೆ. ಎದ್ದು ನಿಂತ್ಕೊಂಡು ಬೈದ್ರು. ಆಮೇಲೆ ಅವರೇ ಕೂರಿಸಿ ಕಾಫಿ ಕೊಟ್ರು. ಒಂದ್ಸಲ ಹೋಗ್ಬನ್ನಿ, ಇನ್ನು ಹತ್ತು ದಿನ ಇರ್ತದೆ ಅಷ್ಟೇ."

ಹೋದೆ. ಒಂದಲ್ಲ, ಮೂರು ಸಲ ಹೋದೆ.

"ಹೆಸರು ಹಾಕಬೇಡಿ. ನಾಚಿಕೆ ಅಂತಲ್ಲ, ಸೈಟಿನ ರಿಜಿಸ್ಟ್ರೇಷನ್ ಇನ್ನೂ ಆಗಿಲ್ಲ" ಅಂದರು. ಹಾಗಾಗಿ ಯಜಮಾನರು ಎಂದೇ ಕರೆಯೋಣ. ವಯಸ್ಸು 76. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ 1967ರಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಫಿಟ್ಟರ್ ಆಗಿ, 2009ರಲ್ಲಿ ನಿವೃತ್ತರಾದವರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1924ರಲ್ಲಿ ಶುರುವಾದ ವರ್ಕ್‌ಶಾಪು ಅದು. ಆ ಬಡಾವಣೆಯಲ್ಲಿ ಮನೆಗೊಬ್ಬ ಫಿಟ್ಟರ್ ಇದ್ದ ಕಾಲವೊಂದಿತ್ತು. ಆದರೆ ಡ್ಯೂಟಿ ಮುಗಿಸಿ ಮನೆಗೆ ಬಂದ ಮೇಲೂ ರೈಲನ್ನೇ ಕಟ್ಟುತ್ತಾ ಕೂತವರು ಎಷ್ಟು ಜನ?

ಮಾಳಿಗೆಯ ರೂಮಿನ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಕಾಫಿ ವಾಸನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ರೂಮಿನ ತುಂಬ ಒಂದು ಹಲಗೆ ಮೇಜು, 14 ಅಡಿ ಉದ್ದ, 6 ಅಡಿ ಅಗಲ. ಎಡಕ್ಕೆ ಮೈಸೂರು ಸ್ಟೇಷನ್. ಅಲ್ಲಿಂದ ಚಾಮರಾಜಪುರಂ, ಅಶೋಕಪುರಂ, ಕಡಕೊಳ, ತಾಂಡವಪುರ. ಬಲಗಡೆಗೆ ಬಂದರೆ ಕಪಿಲಾ ನದಿ, ಸೇತುವೆ, ಅದರಾಚೆ ನಂಜನಗೂಡು ಸ್ಟೇಷನ್. ಸೇತುವೆ ಮೇಲೆ ಒಂದು ಪಕ್ಕ ರೈಲು ಹಳಿ, ಇನ್ನೊಂದು ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಕೆಂಪು ಬಸ್ಸು.

ಈ ಸೇತುವೆ ಗೊತ್ತಿಲ್ಲದ ನಂಜನಗೂಡು ಬಸ್ ಪ್ಯಾಸೆಂಜರ್ ಇರಲಾರ. ದಳವಾಯಿ ದೇವರಾಜನ ಕಾಲದಲ್ಲಿ, 1735ರಲ್ಲಿ ಕಟ್ಟಿದ್ದು ಅಂತ ಹೇಳುತ್ತಾರೆ. ರೈಲು ಅನ್ನೋ ಮಾತೇ ಲೋಕದಲ್ಲಿ ಹುಟ್ಟದಿದ್ದಾಗ ಕಟ್ಟಿದ ಕಲ್ಲು ಸೇತುವೆ. 1891ರಲ್ಲಿ ನಂಜನಗೂಡಿಗೆ ಮೀಟರ್‌ಗೇಜ್ ರೈಲು ಬಂದಾಗ ಅದರ ಮೇಲೇ ಹಳಿ ಹಾಕಿದರು. ನೂರು ವರ್ಷಕ್ಕೂ ಮೇಲೆ ಗಾಡಿ, ಬಸ್ಸು, ರೈಲು ಅಕ್ಕಪಕ್ಕ ನಡೆದವು. ಹೈಸ್ಕೂಲಿನಲ್ಲಿದ್ದಾಗ ದೊಡ್ಡಜಾತ್ರೆಗೆ ನಾನೂ ಆ ಸಣ್ಣ ರೈಲಿನಲ್ಲಿ ಹೋದವನೇ. ಕಿಟಕಿಯಿಂದ ಕೈ ಚಾಚಿದರೆ ಸೇತುವೆ ಮೇಲಿನ ಸೈಕಲ್ಲಿನವನ ಟೋಪಿ ಸಿಗುತ್ತೆ ಅನ್ನಿಸುತ್ತಿತ್ತು. 2000ದ ದಶಕದಲ್ಲಿ ಆ ಮಾರ್ಗ ಬ್ರಾಡ್‌ಗೇಜ್ ಆಯಿತು, ರೈಲಿಗೆ ಬೇರೆ ಸೇತುವೆ ಬಂತು. ಹಳೇ ಸೇತುವೆ ಸುಮ್ಮನೆ ನಿಂತಿದೆ.

ಯಜಮಾನರ ಮಾಳಿಗೆ ಮೇಲೆ ಮಾತ್ರ ಇನ್ನೂ ಮೀಟರ್‌ಗೇಜ್ ಓಡುತ್ತಿತ್ತು. ಈ ತಿಂಗಳ 28ಕ್ಕೆ ರಿಜಿಸ್ಟ್ರೇಷನ್. ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿರುವ ಮನೆ, ಸೈಟಿಗೆ ಬೆಲೆ ಬಂದಿದೆ, ತಮ್ಮನಿಗೆ ದುಡ್ಡು ಬೇಕು. ಯಜಮಾನರು ಬೆಂಗಳೂರಿನ ಮಗಳ ಫ್ಲ್ಯಾಟಿಗೆ ಹೋಗುತ್ತಾರೆ. "ಅಲ್ಲಿ ನನಗೊಂದು ಮಂಚ, ಒಂದು ಬೀರು. ಮಗಳು ಒಳ್ಳೆಯವಳು, ಒಂದು ಎಂಜಿನ್ ಶೋಕೇಸಲ್ಲಿಡಿ ಅಪ್ಪ ಅಂದಳು. ಶೋಕೇಸಲ್ಲಿ ರೈಲು ಇಟ್ಟು ಏನು ಮಾಡಲಿ ಹೇಳಿ."

ಕೆಜಿಎಫ್‌ನಿಂದ ಬಂದ ಡಬ್ಬ

ಇದೆಲ್ಲ ಶುರುವಾದದ್ದೂ ಬೇರೆ ಯಾರೋ ಮಾರಿ ಹೋದದ್ದರಿಂದ. 1956ರಲ್ಲಿ ಕೋಲಾರದ ಚಿನ್ನದ ಗಣಿಯನ್ನು ಮೈಸೂರು ಸರಕಾರ ವಹಿಸಿಕೊಂಡಿತು. ಜಾನ್ ಟೇಲರ್ ಕಂಪನಿಯ ಕಾಲ ಮುಗಿಯಿತು. ಇಂಗ್ಲಿಷರ ಮನೆಗಳು ಒಂದೊಂದೇ ಖಾಲಿಯಾದವು. ಮೇಜು, ಕುರ್ಚಿ, ಪಿಂಗಾಣಿ, ಗ್ರಾಮಫೋನು ಎಲ್ಲ ಅಂಗಳಕ್ಕೆ ಬಂದವು. ಯಜಮಾನರ ತಂದೆ ಅಲ್ಲಿ ಸ್ಟೋರ್ಸ್ ಗುಮಾಸ್ತೆ. ಕುರ್ಚಿ ತರಲು ಹೋದವರು ಒಂದು ಕೆಂಪು ರಟ್ಟಿನ ಡಬ್ಬ ತಂದರು. ಒಳಗೆ ಕೀ ಕೊಟ್ಟು ಬಿಡುವ ತಗಡಿನ ರೈಲು, ಹಾರ್ನ್‌ಬಿ ಕಂಪನಿಯದ್ದು. ಕುರ್ಚಿ ತರಲಿಲ್ಲ ಅಂತ ತಾಯಿ ವಾರಗಟ್ಟಲೆ ಮಾತಾಡಲಿಲ್ಲವಂತೆ. ಹುಡುಗನಿಗೆ ಆಗ 7 ವರ್ಷ.

ಹಾರ್ನ್‌ಬಿ ಅನ್ನೋದು ಆಟಿಕೆ ಲೋಕದ ದೊಡ್ಡ ಹೆಸರು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ ತೂತು ಕೊರೆದ ಕಬ್ಬಿಣದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸುವ ಆಟಿಕೆಗೆ 1901ರಲ್ಲಿ ಪೇಟೆಂಟ್ ತೆಗೆದ. ಅದೇ ಮೆಕ್ಯಾನೊ. 1920ರಲ್ಲಿ ಕೀ ಕೊಡುವ ರೈಲು ತಂದ. ಕರೆಂಟಿನಲ್ಲಿ ಓಡುವ ಪುಟ್ಟ ಗಾತ್ರದ 'ಡಬ್ಲೊ' ರೈಲು 1938ರಲ್ಲಿ ಬಂದದ್ದು, ಆ ಹೊತ್ತಿಗೆ ಹಾರ್ನ್‌ಬಿ ತೀರಿಕೊಂಡಿದ್ದ. ಲಿವರ್‌ಪೂಲಿನ ಆ ಮೆಕ್ಯಾನೊ ಕಾರ್ಖಾನೆಗೂ 1979ರಲ್ಲಿ ಬೀಗ ಬಿತ್ತು. ಹಾರ್ನ್‌ಬಿ ಹೆಸರು ಉಳಿದಿದೆ, ಮಾಲು ತಯಾರಾಗುವುದು ಚೀನಾದಲ್ಲಿ. ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಬ್ಬದ ಮುಚ್ಚಳದ ಒಳಗಡೆ ಪೆನ್ಸಿಲಿನಲ್ಲಿ ಒಂದು ಮಗುವಿನ ಕೈಬರಹವಿದೆ. ಹೆಸರಿನ ಮೊದಲ ಅಕ್ಷರ ಇಂಗ್ಲಿಷಿನ 'ಆರ್', ಮಿಕ್ಕದ್ದು ಅಳಿಸಿಹೋಗಿದೆ. "ಇದನ್ನ ಬಿಟ್ಟು ಹಡಗು ಹತ್ತಿದಾಗ ಆ ಹುಡುಗ ಅತ್ತನೋ ಏನೋ ಅಂತ ನಾನು ಯೋಚನೆ ಮಾಡಿದ್ದು ಈ ವರ್ಷವೇ. ಎಪ್ಪತ್ತು ವರ್ಷ ನನ್ನದೇ ಅನ್ಕೊಂಡಿದ್ದೆ" ಅಂದರು ಯಜಮಾನರು.

ಆ ರೈಲು ಈಗ ಓಡುವುದಿಲ್ಲ. ಸ್ಪ್ರಿಂಗ್ ಸರಿಯಾಗೇ ಇದೆ, ಚಕ್ರ ಬಿರುಕು ಬಿಟ್ಟಿವೆ. ಆ ಕಾಲದ ಚಕ್ರಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಸತುವಿಗೆ ಚೂರೇ ಚೂರು ಸೀಸ ಬೆರೆತಿದ್ದರೂ ಹತ್ತಾರು ವರ್ಷ ಆದ ಮೇಲೆ ಲೋಹ ಒಳಗಿಂದಲೇ ಉಬ್ಬಿ, ಸೀಳಿ, ಪುಡಿಯಾಗುತ್ತದೆ. ಬೀರುವಿನಲ್ಲಿ ಬೀಗ ಹಾಕಿಟ್ಟರೂ ತಡೆಯೋಕಾಗಲ್ಲ. ಇದನ್ನು ನನಗೆ ಹೇಳಿದ್ದು ಯಜಮಾನರಲ್ಲ, ಕೊಳ್ಳಲು ಬಂದವನು. ಅವನ ವಿಷಯ ಮುಂದೆ ಬರುತ್ತದೆ.

ಒಂದಕ್ಕೆ ಎಂಬತ್ತೇಳು

ಇದು ಆಟಿಕೆ ಅಲ್ಲವೇ ಅಂತ ಕೇಳಿದೆ. ತಪ್ಪಾಯಿತು. ಒಂದು ಗಂಟೆ ಪಾಠ ಆಯಿತು. ಪಿಯುಸಿಯಲ್ಲಿ ಲೆಕ್ಕಕ್ಕೆ ಹೆದರಿ ಕಾಲೇಜು ಬಿಟ್ಟವನು ನಾನು, ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮಾದರಿ ರೈಲು ಅಂದರೆ ನಿಜವಾದ ರೈಲನ್ನು ಲೆಕ್ಕ ಹಿಡಿದು ಕುಗ್ಗಿಸಿದ್ದು. ಹೆಚ್ಚು ಚಾಲ್ತಿಯಲ್ಲಿರುವ ಅಳತೆ 1ಕ್ಕೆ 87. ನಿಜದ 87 ಅಡಿ ಇಲ್ಲಿ 1 ಅಡಿ. ಯೂರೋಪಿನ ದೊಡ್ಡ ಹಳಿಯ ಅಂತರ 1435 ಮಿಲಿಮೀಟರ್, ಅದು ಇಲ್ಲಿ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜು 1676, ಅದನ್ನು ಸರಿಯಾಗಿ ಕುಗ್ಗಿಸಿದರೆ 19 ಮಿಲಿಮೀಟರ್ ಚಿಲ್ಲರೆ ಬರಬೇಕು. ಅಂಥ ಹಳಿ ಅಂಗಡಿಯಲ್ಲಿ ಸಿಗದು. ಹಾಗಾಗಿ ಬ್ರಾಡ್‌ಗೇಜ್ ಮಾದರಿ ಮಾಡುವವರು ಬಹುಮಟ್ಟಿಗೆ ಯೂರೋಪಿನ ಹಳಿ ಮೇಲೇ ಓಡಿಸಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೀಟರ್‌ಗೇಜಿಗೆ ಆ ತೊಂದರೆ ಇಲ್ಲ. 1000ವನ್ನು 87ರಿಂದ ಭಾಗಿಸಿದರೆ 11.5, ಹೆಚ್ಚುಕಮ್ಮಿ 12. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್‌ಗೇಜೇ ಆದ್ದರಿಂದ ಜರ್ಮನಿಯ ಬೇಮೊ ಕಂಪನಿ 12 ಮಿಲಿಮೀಟರಿನ ಹಳಿ, ಗಾಲಿ ತಯಾರಿಸುತ್ತದೆ. ಸ್ವಿಸ್ ಬೆಟ್ಟದ ದಯೆಯಿಂದ ನಂಜನಗೂಡು ರೈಲು ಓಡಿತು ಅನ್ನಿ.

ಹಾಗೆ ನೋಡಿದರೆ ಈ 14 ಅಡಿ ಮೇಜೂ ಸುಳ್ಳೇ. ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರ್, 87ರಿಂದ ಭಾಗಿಸಿದರೆ 287 ಮೀಟರ್ ಉದ್ದದ ಮೇಜು ಬೇಕು. "ಕಡಕೊಳದಿಂದ ತಾಂಡವಪುರಕ್ಕೆ ಒಂದು ಗೇಣು ಇಟ್ಟಿದೀನಿ. ದೇವರು ಕ್ಷಮಿಸ್ತಾನೆ" ಅಂದರು.

ವಿದೇಶಿ ಮಾಲು ತರಿಸುವುದು ಆಗ ಸುಲಭವಿರಲಿಲ್ಲ. 2001ರವರೆಗೆ ಇಂಥ ಆಟಿಕೆ ಸಾಮಾನು ಆಮದಿಗೆ ಸರಕಾರದ ಕಟ್ಟುಪಾಡು ಬಿಗಿಯಾಗಿತ್ತು. ಯಜಮಾನರ ಭಾವಮೈದುನ ಪಶ್ಚಿಮ ಜರ್ಮನಿಯಲ್ಲಿ ಕೆಲಸಕ್ಕಿದ್ದರು. 1984ರಲ್ಲಿ ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮೋಟರು, ಗಿಯರು, ಎರಡು ಕಟ್ಟು ಹಳಿ ತಂದರು. ಅದಕ್ಕೆ ಯಜಮಾನರು ಹಿತ್ತಾಳೆ ತಗಡು ಕತ್ತರಿಸಿ ವೈಪಿ ಎಂಜಿನ್ನಿನ ಮೈ ಕಟ್ಟಿದರು. ವೈಪಿ ಅಂದರೆ ನಮ್ಮ ಕಡೆ ಮೀಟರ್‌ಗೇಜ್ ಪ್ಯಾಸೆಂಜರ್ ಗಾಡಿ ಎಳೆದ ಉಗಿ ಎಂಜಿನ್, ಮುಂದೆ 4 ಗಾಲಿ, ನಡುವೆ 6 ದೊಡ್ಡ ಗಾಲಿ, ಹಿಂದೆ 2. ಹಗಲು ವರ್ಕ್‌ಶಾಪಿನಲ್ಲಿ ನಿಜವಾದ ರೈಲಿನ ಅಳತೆ ನೋಡಿ, ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊಂಡು ಬರುತ್ತಿದ್ದರಂತೆ. ಒಂದು ಎಂಜಿನ್ನಿಗೆ 2 ವರ್ಷ ಹಿಡಿಯಿತು.

ಈಗ ಕಾಫಿ ವಾಸನೆಯ ಮಾತು. ಆ ಮೇಜಿನ ಮೇಲಿನ ಮಣ್ಣು ಮಣ್ಣಲ್ಲ, ಕಾಫಿ ಚರಟ. ಯಜಮಾನರ ಹೆಂಡತಿ ದಿನಾ ಬೆಳಗ್ಗೆ ಫಿಲ್ಟರಿನ ಚರಟವನ್ನು ಮೊರದಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡುತ್ತಿದ್ದರು. ಗೋಂದಿನ ಮೇಲೆ ಉದುರಿಸಿದರೆ ಥೇಟು ಕಡಕೊಳದ ಹೊಲ. ಹಸಿರು ಬಣ್ಣದಲ್ಲಿ ಅದ್ದಿದ ಮರದ ಹೊಟ್ಟು ಗದ್ದೆ. ತೆಂಗಿನ ನಾರು ಬಾಚಿ ಬಾಚಿ ಮಾಡಿದ ಹುಣಸೆಮರ. ಎಂಟು ಸಲ ಬಳಿದ ವಾರ್ನಿಶ್ ಕಪಿಲಾ ನದಿ. ನದಿ ಮೆಟ್ಟಿಲ ಮೇಲೆ ಬೆಂಕಿಕಡ್ಡಿಯಲ್ಲಿ ಮಾಡಿದ ಹೆಂಗಸರು ಬಟ್ಟೆ ಒಗೆಯುತ್ತಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಸೀರೆ, ಆಯಮ್ಮನ ಹಳೇ ರವಿಕೆಯ ಅಂಚಿನದು. ಆಕೆ 2019ರಲ್ಲಿ ತೀರಿಕೊಂಡರು.

"ಎಂಜಿನ್ ನಂದು. ಊರು ಅವಳದ್ದು" ಅಂದರು ಯಜಮಾನರು. ಆಮೇಲೆ ಎದ್ದು ಹೋಗಿ ನೀರು ಕುಡಿದು ಬಂದರು.

ಡಬ್ಬ ಇದೆಯಾ?

ಶನಿವಾರ ಬೆಂಗಳೂರಿನಿಂದ ಕೊಳ್ಳುವವನು ಬಂದ. ಕಂಪ್ಯೂಟರ್ ಕಂಪನಿಯ ಕೆಲಸ, ನಲವತ್ತರ ಆಸುಪಾಸು. ದಲ್ಲಾಳಿ ಇರಬೇಕು ಅಂತ ಮುಖ ಗಂಟಿಕ್ಕಿ ಕೂತಿದ್ದೆ. ಅಲ್ಲ, ಅವನೂ ಅದೇ ಹುಚ್ಚಿನವನೇ. ಎಂಜಿನ್ ಎತ್ತುವಾಗ ಎರಡು ಬೆರಳಲ್ಲಿ ಚಾಸಿಸ್ ಹಿಡಿದು ಎತ್ತಿದ, ಯಜಮಾನರ ಮುಖ ಅಲ್ಲೇ ಸಡಿಲವಾಯಿತು.

ಒಟ್ಟು 11 ಎಂಜಿನ್, 46 ಬೋಗಿ ಮತ್ತು ವ್ಯಾಗನ್. ಒಂದೊಂದಕ್ಕೂ ಅವನ ಮೊದಲ ಪ್ರಶ್ನೆ ಒಂದೇ: "ಡಬ್ಬ ಇದೆಯಾ?" ಸಂಗ್ರಹಕಾರರ ಲೋಕದಲ್ಲಿ ಡಬ್ಬಕ್ಕೆ ಆ ಬೆಲೆ. ಒಳಗಿನ ಮಾಲು ಎಷ್ಟು ಚೆನ್ನಾಗಿದ್ದರೂ ಅಸಲಿ ಡಬ್ಬ ಇಲ್ಲದಿದ್ದರೆ ರೇಟು ಇಳಿಯಿತು. ಓಡದ ಕೆಜಿಎಫ್ ರೈಲಿಗೆ, ಬಿರುಕು ಬಿಟ್ಟ ಚಕ್ರಕ್ಕೆ, 14 ಸಾವಿರ. ಕೆಂಪು ರಟ್ಟಿನ ಡಬ್ಬ ಇತ್ತಲ್ಲ! ವಿದೇಶಿ ಎಂಜಿನ್ ಎಂಟಕ್ಕೆ ಸೇರಿಸಿ 92 ಸಾವಿರ. ಹಿತ್ತಾಳೆ ವೈಪಿಯನ್ನು ತುಂಬಾ ಹೊತ್ತು ತಿರುಗಿಸಿ ನೋಡಿದ. "ಇದಕ್ಕೆ ಡಬ್ಬ..." ಅಂತ ಬಾಯಿ ತಪ್ಪಿ ಅಂದೇಬಿಟ್ಟ.

"ನಾನೇ ಮಾಡಿದ್ದಕ್ಕೆ ಡಬ್ಬ ಎಲ್ಲಿಂದ ತರಲಯ್ಯಾ?"

6 ಸಾವಿರಕ್ಕಿಂತ ಮೇಲೆ ಆಗಲ್ಲ ಸಾರ್ ಅಂದ. ಕೈಯಲ್ಲಿ ಮಾಡಿದ್ದು, ಕಂಪನಿ ಹೆಸರಿಲ್ಲ, ನಾಳೆ ನಾನು ಮಾರಿದರೆ ಯಾರೂ ಕೊಳ್ಳಲ್ಲ ಅಂತ ಮುಚ್ಚುಮರೆ ಇಲ್ಲದೆ ಹೇಳಿದ. 2 ವರ್ಷದ ರಾತ್ರಿಗಳಿಗೆ 6 ಸಾವಿರ. ಯಜಮಾನರು ಸಿಟ್ಟಾಗಲಿಲ್ಲ. ವೈಪಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟರು.

ಇನ್ನು ಊರು? ಮೇಜು, ಸೇತುವೆ, ನದಿ, ಕಾಫಿ ಚರಟದ ಹೊಲ? ಅವನು ತಲೆ ತಗ್ಗಿಸಿದ. "ಲೇಔಟ್‌ಗೆ ಬೆಲೆ ಇಲ್ಲ ಸಾರ್. ಎಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ಬಾಗಿಲಲ್ಲಿ ಹೊರಗೆ ತರೋಕೇ ಆಗಲ್ಲ."

ಅಂಗಡಿ ಖಾಲಿ ಮಾಡಿದ ವ್ಯಾಪಾರಿಗಳಿಗೆ ಇದು ಗೊತ್ತಿರುವ ಸತ್ಯ. ಸರಕಿಗೆ ಗಿರಾಕಿ ಸಿಗುತ್ತಾನೆ. ಅಳತೆ ಕೊಟ್ಟು ಮಾಡಿಸಿದ ಬೀಟೆ ಮರದ ರ್‍ಯಾಕು, ಗೋಡೆಗೆ ಕೂರಿಸಿದ ಗಾಜು, ನಲವತ್ತು ವರ್ಷ ಕೈ ಊರಿ ಊರಿ ನುಣುಪಾದ ಗಲ್ಲಾ, ಇವನ್ನು ಹೊಸ ಬಾಡಿಗೆದಾರ ಒಡೆಸುತ್ತಾನೆ, ಒಡೆಸಿದ ಕೂಲಿಯನ್ನೂ ನಿಮ್ಮಿಂದಲೇ ಕೇಳುತ್ತಾನೆ.

ದೊಡ್ಡವರ ಕಥೆಯೂ ಬೇರೆಯಲ್ಲ. ನೀಲ್ ಯಂಗ್ ಅಂತ ಕೆನಡಾ ಮೂಲದ ಹೆಸರುವಾಸಿ ಗಾಯಕ. ಅವನ ಮಗ ಬೆನ್‌ಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಕೈ ಬೆರಳು ಹಿಡಿತಕ್ಕೆ ಬಾರವು. ಆ ಮಗು ಕೂಡ ರೈಲು ಓಡಿಸಲಿ ಅಂತ ದೊಡ್ಡ ಗುಂಡಿಯ ಕಂಟ್ರೋಲ್ ಮಾಡಿಸಿದ. ಅಷ್ಟಕ್ಕೇ ನಿಲ್ಲದೆ ಅಮೆರಿಕದ ಹಳೇ ಮಾದರಿ ರೈಲು ಕಂಪನಿ ಲಯೊನಲ್‌ಗೆ ಪಾಲುದಾರನೂ ಆದ. ಅಂಥವನು 2017ರ ಡಿಸೆಂಬರಿನಲ್ಲಿ ತನ್ನ 200ಕ್ಕೂ ಹೆಚ್ಚು ರೈಲು ಸಾಮಾನನ್ನು ಕ್ಯಾಲಿಫೋರ್ನಿಯಾದಲ್ಲಿ ಹರಾಜಿಗಿಟ್ಟ. ಸುಮಾರು 3 ಲಕ್ಷ ಡಾಲರ್ ಬಂತು, ಅದರಲ್ಲೊಂದು ಭಾಗ ಅಂಗವಿಕಲ ಮಕ್ಕಳ ಶಾಲೆಗೆ. ಹರಾಜಿನವರು ನಂಬರ್ ಚೀಟಿ ಅಂಟಿಸಿ ಮಾರಿದ್ದು ಎಂಜಿನ್ನು, ಬೋಗಿ. ಅಪ್ಪ ಮಗ ಕೂತು ಆಡಿದ ಕೊಟ್ಟಿಗೆಗೆ ಚೀಟಿ ಅಂಟಿಸೋಕೆ ಆಗುತ್ತದೆಯೇ?

ಹಾಗಂತ ಎಲ್ಲ ಸಂಗ್ರಹವೂ ಚೆಲ್ಲಾಪಿಲ್ಲಿ ಆಗಲೇಬೇಕು ಅಂತಿಲ್ಲ. ಪುಣೆಯ ಕೋಥ್ರೂಡ್‌ನಲ್ಲಿ ಭಾವುಸಾಹೇಬ ಜೋಶಿ ಅನ್ನುವವರು ಜೀವಮಾನವೆಲ್ಲ ಕಟ್ಟಿದ ಪುಟಾಣಿ ರೈಲು ನಗರ 1998ರ ಏಪ್ರಿಲ್ 1ರಂದು ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಟಿಕೆಟ್ ಕೊಟ್ಟು ಜನ ನೋಡುತ್ತಾರೆ. ಇದನ್ನು ಹೇಳಿದಾಗ ಯಜಮಾನರು ನಕ್ಕರು. "ಅವರಿಗೆ ಸ್ವಂತ ಜಾಗ ಇತ್ತು. ನನ್ನ ಜಾಗದಲ್ಲಿ ಅರ್ಧ ತಮ್ಮನದು."

ನಮ್ಮ ಊರಲ್ಲೇ ಕೆಆರ್‌ಎಸ್ ರಸ್ತೆಯಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆಯಲ್ಲ ಅಂದೆ. ಅವರು ಕೇಳೇ ಇಲ್ಲವಂತೆ. "ನಿಜವಾದ ಎಂಜಿನ್ನು ನಿಂತಿರೋ ಕಡೆ ನನ್ನ ಬೊಂಬೆ ಯಾಕೆ?" ಇದು ಬಿಗುಮಾನ ಅಂತ ನನ್ನ ಅಭಿಪ್ರಾಯ. ಕೇಳಬೇಕಿತ್ತು. ಒಂದು ಶಾಲೆಯವರು ಮಾತ್ರ ಬಂದು ನೋಡಿ, ಮಕ್ಕಳನ್ನೂ ಕರೆತಂದು, ಆಮೇಲೆ "ಇದನ್ನ ಒರೆಸೋರು ಯಾರು?" ಅಂತ ತಮ್ಮತಮ್ಮಲ್ಲೇ ಕೇಳಿಕೊಂಡು ಹೋದರು. ಆ ಪ್ರಶ್ನೆ ತಪ್ಪೇನಲ್ಲ. ಹಳಿಯಲ್ಲಿ ಹರಿಯುವುದು 12 ವೋಲ್ಟ್ ಕರೆಂಟು, ಒಂದು ಹಳಿಯಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್, ಗಾಲಿಯಿಂದಲೇ ಮೋಟರಿಗೆ ಏರಬೇಕು. ತುಸು ಧೂಳು ಕೂತರೂ ರೈಲು ನಿಂತಿತು. ವಾರಕ್ಕೊಮ್ಮೆ ಅಷ್ಟುದ್ದ ಹಳಿಯನ್ನು ಬಟ್ಟೆಯಲ್ಲಿ ಒರೆಸಬೇಕು. 35 ವರ್ಷ ಪ್ರತಿ ಭಾನುವಾರ ಒರೆಸಿದ್ದಾರೆ ಈ ಮನುಷ್ಯ.

ಕಳೆದ ಭಾನುವಾರವೂ ಒರೆಸಿದರು. ಬೆಂಗಳೂರಿನವನು ಕೊಂಡ ಎಂಜಿನ್ನುಗಳು ಆಗಲೇ ಥರ್ಮೋಕೋಲ್ ಪೆಟ್ಟಿಗೆ ಸೇರಿದ್ದವು. ಟವೆಲಿನಿಂದ ವೈಪಿ ಹೊರಗೆ ಬಂತು. ಬೀದಿಯ ಆರೇಳು ಮಕ್ಕಳು, ನಮ್ಮ ಗುಜರಿಯವನು, ನಾನು, ಕೆಳಗಿನ ಮನೆಯ ತಮ್ಮ. ನಾಲ್ಕು ಬೋಗಿ ಕಟ್ಟಿ ಮೈಸೂರಿನಿಂದ ಬಿಟ್ಟರು. ಚಾಮರಾಜಪುರಂ ದಾಟಿತು, ಕಡಕೊಳ ದಾಟಿತು, ಸೇತುವೆ ಮೇಲೆ ಕೆಂಪು ಬಸ್ಸಿನ ಪಕ್ಕ ಬಂದು ನಿಂತುಬಿಟ್ಟಿತು. ಕರೆಂಟ್ ಹೋಗಿತ್ತು. ಮಕ್ಕಳು ಹೋ ಅಂದವು. ಕಾಲು ಗಂಟೆ ಕಾದೆವು. ತಮ್ಮ ಕೆಳಗೆ ಹೋಗಿ ಎಲ್ಲರಿಗೂ ಟೀ ಮಾಡಿಸಿ ತಂದ. ಕರೆಂಟ್ ಬಂತು, ರೈಲು ನಂಜನಗೂಡು ಸೇರಿತು. ಯಜಮಾನರು ವಾಚು ನೋಡಿಕೊಂಡು "ಹದಿನಾರು ನಿಮಿಷ ಲೇಟು" ಅಂದರು.

ವೈಪಿ ಬೆಂಗಳೂರಿಗೆ, ಮಗಳ ಶೋಕೇಸಿಗೆ ಹೋಗುತ್ತದೆ. ಬಟ್ಟೆ ಒಗೆಯುವ ಹೆಂಗಸರನ್ನು ಯಜಮಾನರು ಒಬ್ಬೊಬ್ಬರನ್ನೇ ಬ್ಲೇಡಿನಲ್ಲಿ ಬಿಡಿಸಿ, ಕಾಫಿ ಚರಟ ತುಂಬಿದ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಕೊಂಡಿದ್ದಾರೆ.

ಉಳಿದಿರುವುದು: 14 ಅಡಿ ಮೇಜು (ಮೂರು ಭಾಗವಾಗಿ ಕೊಯ್ದರೆ ಬಾಗಿಲಲ್ಲಿ ಬರುತ್ತದೆ, ಕೊಯ್ಯಲು ಅವರದ್ದೇ ಒಪ್ಪಿಗೆ ಇದೆ), ನಂಜನಗೂಡು ಸೇತುವೆ ಒಂದು, ಸ್ಟೇಷನ್ ಐದು, ಟ್ರಾನ್ಸ್‌ಫಾರ್ಮರ್ ಎರಡು, ಮೇಜಿಗೆ ಬಡಿದಿರುವ ಹಳಿ ಪೂರ್ತಿ. ದುಡ್ಡು ಬೇಡ. ಮಳೆ ಸೋರದ ಜಾಗ, ವಾರಕ್ಕೊಮ್ಮೆ ಒರೆಸುವ ಒಬ್ಬ ಮನುಷ್ಯ, ಇಷ್ಟಿದ್ದವರು 28ರೊಳಗೆ ನಮ್ಮ ಕಚೇರಿಗೆ ಬಂದು ವಿಚಾರಿಸಬಹುದು. ಗಾಡಿ ಬಾಡಿಗೆ ಅರ್ಧ ತಾನು ಹಾಕುತ್ತೇನೆ ಅಂತ ಗುಜರಿಯವನು ಹೇಳಿದ್ದಾನೆ.